ಸರ್ ರೊನಾಲ್ಡ್ ರಾಸ್ ಮತ್ತು ಏಕಕೋಶಜೀವಿಗಳ ಕುಲನಿರ್ಣಯ

ಲೋಕದಲ್ಲಿ ಕಂಡ ವಸ್ತುಗಳನ್ನು ಸಾಮ್ಯ ಭೇದಗಳಿಗೆ ಅನುಸಾರವಾಗಿ ವಿಂಗಡಿಸಿ, ಒಂದೊಂದಕ್ಕೂ ತಕ್ಕ ಹೆಸರನ್ನಿಡುವುದು ಜ್ಞಾನದ ಮೊದಲ ಮೆಟ್ಟಿಲು. ನಮ್ಮ ಪೂರ್ವಿಕರು ಜೀವರಾಶಿಯನ್ನು ಜರಾಯುಜ, ಅಂಡಜ, ಸ್ವೇದಜ, ಉದ್ಭಿಜ್ಜ ಎಂದು ನಾಲ್ಕು ಬಗೆಯಾಗಿ ವಿಭಾಗಿಸಿದರು. ಅಮರಸಿಂಹನು ತನ್ನ ಕೋಶದಲ್ಲಿ ವನೌಷಧಿಗಳಿಗೆ ಒಂದು ವರ್ಗವನ್ನೂ ಸಿಂಹಾದಿ ಪ್ರಾಣಿಗಳಿಗೆ ಮತ್ತೊಂದು ವರ್ಗವನ್ನೂ ಮೀಸಲಾಗಿಟ್ಟನು. ತಾರ್ಕಿಕರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ವಸ್ತುವಿನ ಲಕ್ಷಣವನ್ನು ಹೇಳುವಲ್ಲಿ ಬರಬಹುದಾದ ದೋಷಗಳನ್ನು ಎಣಿಸಿದರು. ಕಪಿಲವರ್ಣವುಳ್ಳದ್ದೇ ಹಸು ಎಂದರೆ ಬಿಳಿಯ ಹಸು ಹೊರಗುಳಿಯುತ್ತದೆ, ಅದು ಅವ್ಯಾಪ್ತಿ. ಕೊಂಬುಳ್ಳದ್ದೇ ಹಸು ಎಂದರೆ ಎಮ್ಮೆಯೂ ಒಳಗೆ ಬರುತ್ತದೆ, ಅದು ಅತಿವ್ಯಾಪ್ತಿ. ಒಂಟಿ ಗೊರಸುಳ್ಳದ್ದು ಹಸು ಎಂದರೆ ಅಂತಹ ಹಸುವೇ ಇಲ್ಲ, ಅದು ಅಸಂಭವ. ಕಣ್ಣಿಗೆ ಕಾಣುವ ಹಸುವಿನ ವಿಷಯದಲ್ಲಿಯೇ ಇಷ್ಟು ಎಚ್ಚರಿಕೆ ಬೇಕಾದರೆ, ಕಣ್ಣಿಗೆ ಕಾಣದ, ಒಂದೇ ಒಂದು ಕೋಶದಲ್ಲಿ ತನ್ನ ಬಾಳನ್ನೆಲ್ಲ ಅಡಗಿಸಿಕೊಂಡ ಜೀವಿಯ ಕುಲವನ್ನು ನಿರ್ಣಯಿಸುವುದು ಎಷ್ಟು ಕಷ್ಟವೆಂಬುದನ್ನು ಊಹಿಸಬಹುದು. ಈ ಕಷ್ಟವನ್ನು ಅನುಭವಿಸಿ, ಕೆಲವು ಕಡೆ ಎಡವಿ, ಕೊನೆಗೆ ಲೋಕಕ್ಕೆ ಮಹೋಪಕಾರವನ್ನು ಮಾಡಿದ ಮಹನೀಯರಲ್ಲಿ ಸರ್ ರೊನಾಲ್ಡ್ ರಾಸ್ ಅವರು ಅಗ್ರಗಣ್ಯರು.

ರಾಸ್ ಅವರು 1857ನೆಯ ಇಸವಿ ಮೇ 13ರಂದು ಹಿಮಾಲಯದ ಮಡಿಲಿನ ಆಲ್ಮೋರಾದಲ್ಲಿ ಜನಿಸಿದರು. ತಂದೆ ಕ್ಯಾಂಬೆಲ್ ರಾಸ್ ಅವರು ಭಾರತದ ಸೈನ್ಯದಲ್ಲಿ ಉನ್ನತಾಧಿಕಾರಿಗಳು. ಹತ್ತು ಮಕ್ಕಳಲ್ಲಿ ಹಿರಿಯವರಾದ ರೊನಾಲ್ಡರನ್ನು ಎಂಟನೆಯ ವಯಸ್ಸಿನಲ್ಲಿ ವಿದ್ಯಾಭ್ಯಾಸಕ್ಕಾಗಿ ಇಂಗ್ಲೆಂಡಿಗೆ ಕಳುಹಿಸಲಾಯಿತು. ಬಾಲಕನ ಮನಸ್ಸು ಕಾವ್ಯ, ಸಂಗೀತ, ಚಿತ್ರಕಲೆ, ಗಣಿತಗಳ ಕಡೆಗೆ ಹರಿದಿತ್ತು. ವೈದ್ಯವೃತ್ತಿಯಲ್ಲಿ ಆಸಕ್ತಿ ಎಳ್ಳಷ್ಟೂ ಇರಲಿಲ್ಲ. ಆದರೆ ತಂದೆಯ ಇಚ್ಛೆ ಬೇರೆಯಾಗಿತ್ತು. 1874ರಲ್ಲಿ ಲಂಡನ್ನಿನ ಸೇಂಟ್ ಬಾರ್ತಲೋಮ್ಯೂ ಆಸ್ಪತ್ರೆಯ ವಿದ್ಯಾರ್ಥಿಯಾಗಿ, ಅರೆಮನಸ್ಸಿನಿಂದಲೇ ವ್ಯಾಸಂಗವನ್ನು ಪೂರೈಸಿ, 1881ರಲ್ಲಿ ಅವರು ಭಾರತದ ವೈದ್ಯಕೀಯ ಸೇವೆಗೆ ಸೇರಿದರು. ಮದರಾಸು ಪ್ರಾಂತ, ಬರ್ಮಾ, ಅಂಡಮಾನ್ ದ್ವೀಪ ಮುಂತಾದೆಡೆಗಳಲ್ಲಿ ಸೈನಿಕರ ಶುಶ್ರೂಷೆ ಮಾಡುತ್ತ, ಬಿಡುವಿನ ವೇಳೆಯಲ್ಲಿ ಕವಿತೆ ಕಾದಂಬರಿಗಳನ್ನು ಬರೆಯುತ್ತ ಅವರ ಮೊದಲ ವರ್ಷಗಳು ಕಳೆದುವು.

1883ರಲ್ಲಿ ಅವರನ್ನು ಬೆಂಗಳೂರಿನ ದಂಡುಪ್ರದೇಶಕ್ಕೆ ಹಂಗಾಮಿ ವೈದ್ಯಾಧಿಕಾರಿಯಾಗಿ ನೇಮಿಸಲಾಯಿತು. ದೊಡ್ಡಬಳ್ಳಾಪುರದಿಂದ ದಕ್ಷಿಣಕ್ಕೆ ಸುಮಾರು 40 ಕಿಲೋಮೀಟರ್ ದೂರದಲ್ಲಿರುವ ಈ ನಗರವು ಅವರ ಜೀವನದ ಮಹತ್ಕಾರ್ಯಕ್ಕೆ ಪ್ರಥಮ ಪಾಠಶಾಲೆಯಾಯಿತು. ಅಲ್ಲಿಯ ಹವೆ ಅವರಿಗೆ ಬಹಳ ಹಿಡಿಸಿತು. ಆದರೆ ವಾಸದ ಬಂಗಲೆಯಲ್ಲಿ ಸೊಳ್ಳೆಗಳ ಕಾಟ ಅಸಹನೀಯವಾಗಿತ್ತು. ಪರಿಶೀಲಿಸಿ ನೋಡಲಾಗಿ, ಕಿಟಕಿಯ ಹೊರಗಡೆ ನೀರು ತುಂಬಿಟ್ಟಿದ್ದ ಪೀಪಾಯಿಯಲ್ಲಿ ಸೊಳ್ಳೆಯ ಮರಿಹುಳುಗಳು ಮಿಲಮಿಲನೆ ಹರಿದಾಡುತ್ತಿದ್ದುವು. ನೀರನ್ನು ಚೆಲ್ಲಿಸಿದೊಡನೆ ಕಾಟ ಕಡಮೆಯಾಯಿತು. ಸುತ್ತಲಿನ ಮನೆಗಳಲ್ಲಿಯೂ ಹೀಗೆಯೇ ಮಾಡಿಸಬಹುದೆಂದು ಅವರು ಸೂಚಿಸಿದಾಗ ಅಲ್ಲಿಯ ಸೇನಾಧಿಕಾರಿ ಅದನ್ನು ಮನ್ನಿಸಲಿಲ್ಲ. ಸೊಳ್ಳೆಗೂ ಚಳಿಜ್ವರಕ್ಕೂ ಇರುವ ಸಂಬಂಧ ಆಗ ರಾಸ್ ಅವರಿಗೂ ತಿಳಿದಿರಲಿಲ್ಲ. ಆದರೆ ಸೊಳ್ಳೆಯು ಬೆವರಿನಿಂದಲೋ ಕೊಳೆಯಿಂದಲೋ ತಾನಾಗಿ ಹುಟ್ಟುವ ಸ್ವೇದಜವಲ್ಲ, ನಿಂತ ನೀರಿನಲ್ಲಿ ಮೊಟ್ಟೆಯಿಂದ ಬೆಳೆಯುವ ಜೀವಿ, ನೀರನ್ನು ತೆಗೆದರೆ ಅದೂ ಇಲ್ಲವಾಗುತ್ತದೆ ಎಂಬ ಪಾಠವು ಅವರಿಗೆ ಪ್ರತ್ಯಕ್ಷವಾಯಿತು.

ಚಳಿಜ್ವರವು ಮನುಷ್ಯನಿಗೆ ಹೊಸದಲ್ಲ. ಆಯುರ್ವೇದಾಚಾರ್ಯರು ವಿಷಮಜ್ವರವನ್ನು ಸಂತತ, ಸತತ, ಅನ್ಯೇದ್ಯುಷ್ಕ, ತೃತೀಯಕ, ಚತುರ್ಥಕ ಎಂದು ಐದು ಬಗೆಯಾಗಿ ಗುರುತಿಸಿದ್ದರು. ದಿನ ಬಿಟ್ಟು ದಿನ ಬರುವುದು ತೃತೀಯಕ, ಎರಡು ದಿನ ಬಿಟ್ಟು ಬರುವುದು ಚತುರ್ಥಕ. ಇದು ಹೊರಗೆ ತೋರುವ ಲಕ್ಷಣವನ್ನು ಹಿಡಿದು ಮಾಡಿದ ವಿಭಾಗ. ಒಳಗಿನ ಕಾರಣವು ಮಾತ್ರ ಬಹುಕಾಲ ಅಗೋಚರವಾಗಿಯೇ ಉಳಿಯಿತು. ಕೆಟ್ಟ ಗಾಳಿಯೇ ಕಾರಣವೆಂದು ಬಗೆದ ಇಟಲಿಯ ಜನರು ಆ ಅರ್ಥದಲ್ಲಿಯೇ ಅದನ್ನು ಮಲೇರಿಯವೆಂದು ಕರೆದರು. 1879ರಲ್ಲಿ ಇಬ್ಬರು ಪಂಡಿತರು ರೋಮ್ ನಗರದ ಹತ್ತಿರದ ಜೌಗು ಮಣ್ಣಿನಲ್ಲಿ ಒಂದು ದಂಡಾಣುವನ್ನು ಕಂಡು, ಜ್ವರಕ್ಕೆ ಅದೇ ಮೂಲವೆಂದು ಸಾರಿದರು. ಮರುವರ್ಷ, 1880ರ ನವೆಂಬರ್ 6ರಂದು, ಆಲ್ಜೀರಿಯದಲ್ಲಿದ್ದ ಫ್ರೆಂಚ್ ಸೇನಾವೈದ್ಯ ಲ್ಯಾವರಾನ್ ಅವರು ರೋಗಿಯ ರಕ್ತದಲ್ಲಿ ಚಾವಟಿಯಂತಹ ಎಳೆಗಳನ್ನು ಬೀಸುತ್ತಿದ್ದ ಸಜೀವ ಕಣವೊಂದನ್ನು ಕಂಡರು. ಅದಕ್ಕೆ ಅವರು ಕೊಟ್ಟ ಹೆಸರು ಆಸಿಲೇರಿಯ. ಅದು ನೀರಿನಲ್ಲಿ ಬೆಳೆಯುವ ಒಂದು ಬಗೆಯ ಪಾಚಿಗೆ ಸಲ್ಲುವ ಹೆಸರು. 1885ರಲ್ಲಿ ಇಟಲಿಯ ಮಾರ್ಕಿಯಾಫಾವ ಮತ್ತು ಚೆಲ್ಲಿ ಎಂಬವರು ಅದಕ್ಕೆ ಪ್ಲಾಸ್ಮೋಡಿಯಂ ಎಂದು ಹೆಸರಿಟ್ಟರು. ಆ ಮಾತಾದರೂ ಕೊಳೆತ ಮರದ ಮೇಲೆ ಹರಡುವ ಲೋಳೆಬೂಸಿನ ವಿಷಯದಲ್ಲಿ ಅದಾಗಲೇ ಬಳಕೆಯಲ್ಲಿತ್ತು. ಹೀಗೆ ಒಂದೇ ರೋಗದ ಕಾರಣವನ್ನು ಹುಡುಕಹೊರಟವರಲ್ಲಿ ಒಬ್ಬರಿಗೆ ದಂಡಾಣುವೂ ಮತ್ತೊಬ್ಬರಿಗೆ ಪಾಚಿಯೂ ತೋರಿತು. ಮೂರನೆಯವರ ಹೆಸರು ಬೂಸಿನ ನೆನಪನ್ನು ತಂದಿತು.

ಇದಕ್ಕೆ ಅವರ ಅಜಾಗರೂಕತೆಯೇ ಕಾರಣವೆಂದು ಹೇಳಲಾಗದು. ಸಸ್ಯ, ಪ್ರಾಣಿ ಎಂಬ ಎರಡೇ ಮನೆಗಳನ್ನು ಕಟ್ಟಿ, ಸೂಕ್ಷ್ಮಜೀವಿಗಳನ್ನು ಅವುಗಳಲ್ಲಿ ತುಂಬಲು ಹೋದುದರಿಂದಲೇ ಈ ತೊಡಕು ಹುಟ್ಟಿತು. ಹದಿನೇಳನೆಯ ಶತಮಾನದಲ್ಲಿ ಡಚ್ಚರ ಲ್ಯೂವೆನ್‌ಹುಕ್ ಎಂಬಾತನು ತಾನೇ ಉಜ್ಜಿ ಮಾಡಿದ ಮಸೂರದಿಂದ ನೀರಿನ ಹನಿಯಲ್ಲಿ ಇವುಗಳನ್ನು ಮೊದಲು ಕಂಡನು. ಮುಂದಿನ ಶತಮಾನದಲ್ಲಿ ಸಕಲ ಜೀವಿಗಳಿಗೂ ಹೆಸರಿಟ್ಟ ಸ್ವೀಡನ್ನಿನ ಲಿನೀಯಸನು ಇಂತಹ ಅಣುಜೀವಿಗಳ ಮುಂದೆ ಸೋತು, ಅವುಗಳ ಒಂದು ಗುಂಪಿಗೆ ಕೇಯಾಸ್, ಎಂದರೆ ಅಸ್ತವ್ಯಸ್ತ, ಎಂದೇ ಹೆಸರಿಟ್ಟು ಕೈತೊಳೆದುಕೊಂಡನು. ಚಲಿಸುವುದೇ ಪ್ರಾಣಿಯ ಲಕ್ಷಣವೆಂದರೆ, ಹಸಿರನ್ನು ಹೊತ್ತು ಬಿಸಿಲಿನಿಂದ ಆಹಾರವನ್ನು ಮಾಡಿಕೊಳ್ಳುತ್ತಲೇ ಈಜಾಡುವ ಯೂಗ್ಲಿನವು ಪ್ರಾಣಿಯಾಗಬೇಕು, ಇದು ಅತಿವ್ಯಾಪ್ತಿ. ಹಸಿರಿನಿಂದ ಆಹಾರ ಮಾಡಿಕೊಳ್ಳುವುದೇ ಸಸ್ಯದ ಲಕ್ಷಣವೆಂದರೆ, ಅಂದು ಸಸ್ಯಗಳೊಡನೆ ಎಣಿಸುತ್ತಿದ್ದ ಬೂಸು, ಬ್ಯಾಕ್ಟೀರಿಯಗಳಲ್ಲಿ ಬಹುಪಾಲು ಹೊರಗುಳಿಯಬೇಕು, ಇದು ಅವ್ಯಾಪ್ತಿ. ಈ ಸಂಕಟವನ್ನು ಅರಿತು ಜರ್ಮನಿಯ ಹೆಕೆಲ್ ಅವರು 1866ರಲ್ಲಿ ಪ್ರೋಟಿಸ್ಟ ಎಂಬ ಮೂರನೆಯ ರಾಜ್ಯವನ್ನು ಸೂಚಿಸಿದ್ದರೂ ವಿದ್ವಲ್ಲೋಕ ಅದನ್ನು ಕೂಡಲೇ ಅಂಗೀಕರಿಸಿರಲಿಲ್ಲ.

ರಾಸ್ ಅವರಿಗೆ ಲ್ಯಾವರಾನರ ಕಣಗಳಲ್ಲಿ ಮೊದಲು ನಂಬಿಕೆಯೇ ಇರಲಿಲ್ಲ. ಎಷ್ಟು ರಕ್ತವನ್ನು ಪರೀಕ್ಷಿಸಿದರೂ ಅವು ಅವರ ಕಣ್ಣಿಗೆ ಬಿದ್ದಿರಲಿಲ್ಲವಾದುದರಿಂದ ಅವುಗಳ ಅಸ್ತಿತ್ವವನ್ನೇ ಅವರು ಸಂಶಯಿಸಿ ಬರೆದಿದ್ದರು. 1894ರಲ್ಲಿ ರಜೆಯ ಮೇಲೆ ಲಂಡನ್ನಿಗೆ ಹೋಗಿದ್ದಾಗ ಪ್ಯಾಟ್ರಿಕ್ ಮ್ಯಾನ್ಸನ್ ಎಂಬ ಹಿರಿಯ ವೈದ್ಯರು ರಕ್ತದ ಹನಿಯಲ್ಲಿ ಆ ಪರೋಪಜೀವಿಯನ್ನು ಪ್ರತ್ಯಕ್ಷವಾಗಿ ತೋರಿಸಿದರು. ಸೊಳ್ಳೆಯೇ ಅದನ್ನು ರೋಗಿಯ ದೇಹದಿಂದ ಹೊರಕ್ಕೆ ಒಯ್ಯುತ್ತಿರಬಹುದೆಂಬ ತಮ್ಮ ಊಹೆಯನ್ನೂ ತಿಳಿಸಿದರು. ಸಂಶಯವಳಿದ ಶಿಷ್ಯರು ಗುರುವಿನ ಮಾತನ್ನು ದೀಕ್ಷೆಯಂತೆ ಸ್ವೀಕರಿಸಿ, 1895ರಲ್ಲಿ ಭಾರತಕ್ಕೆ ಮರಳಿ ಸಿಕಂದರಾಬಾದಿನಲ್ಲಿ ಶೋಧನೆಗೆ ತೊಡಗಿದರು.

ಅದೇ ವರ್ಷದ ಸೆಪ್ಟೆಂಬರಿನಲ್ಲಿ ಬೆಂಗಳೂರಿನಲ್ಲಿ ವಾಂತಿಭೇದಿಯ ಮಾರಿ ತಲೆದೋರಿದ್ದರಿಂದ ಸರ್ಕಾರವು ಅವರನ್ನು ಅಲ್ಲಿಗೆ ಕಳುಹಿಸಿತು. ಗುಡಿಸಲುಗಳಿಂದ ಕಿಕ್ಕಿರಿದ ಬೀದಿಗಳಲ್ಲಿ ತಿರುಗಿ, ಬಾವಿಗಳನ್ನೂ ಚರಂಡಿಗಳನ್ನೂ ಶುಚಿಗೊಳಿಸುವ ಏರ್ಪಾಡುಗಳಲ್ಲಿ ಅವರು ಹಗಲಿರುಳು ದುಡಿದರು. ಹೀಗೆ ಒಂದೇ ಊರಿನಲ್ಲಿ ಎರಡು ಅದೃಶ್ಯ ಶತ್ರುಗಳೊಡನೆ ಹೋರಾಟ. ವಾಂತಿಭೇದಿಯ ಅಣುವು ಬ್ಯಾಕ್ಟೀರಿಯ; ಅಂದಿನ ಪಂಡಿತರ ಲೆಕ್ಕದಲ್ಲಿ ಅದು ಸಸ್ಯವರ್ಗಕ್ಕೆ ಸೇರಿದುದು. ಚಳಿಜ್ವರದ ಅಣುವು ಆ ವೇಳೆಗೆ ಪ್ರಾಣಿವರ್ಗಕ್ಕೆ ಸೇರಿತ್ತು. ಎರಡೂ ಏಕಕೋಶಜೀವಿಗಳೇ ಆದರೂ ಒಂದು ಕುಡಿಯುವ ನೀರಿನೊಡನೆ ಬರುವುದು, ಮತ್ತೊಂದು ಬೇರೊಂದು ಜೀವಿಯನ್ನು ವಾಹನವಾಗಿ ಮಾಡಿಕೊಂಡು ಬರುವುದು. ಕುಲವನ್ನರಿಯದೆ ಎರಡಕ್ಕೂ ಒಂದೇ ಉಪಾಯವನ್ನು ಹೂಡಿದರೆ ಒಂದು ತಪ್ಪಿಸಿಕೊಳ್ಳುತ್ತದೆ. ವರ್ಗೀಕರಣವು ಗ್ರಂಥದೊಳಗಿನ ಒಣಚರ್ಚೆಯಲ್ಲ, ಸಾವು ಬದುಕುಗಳಿಗೆ ಸಂಬಂಧಿಸಿದ ವಿಷಯ ಎಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಕೆ?

ಸೊಳ್ಳೆಯ ವಿಷಯದಲ್ಲಿಯೂ ಇಂತಹ ತೊಡಕೇ ರಾಸ್ ಅವರನ್ನು ಕಾಡಿತು. ಅವರು ಕೀಟಶಾಸ್ತ್ರವನ್ನು ಓದಿದವರಲ್ಲ; ಬೇಕಾದ ಗ್ರಂಥಗಳೂ ಕೈಗೆ ಸಿಕ್ಕಿರಲಿಲ್ಲ. ಬೂದಿಬಣ್ಣದ್ದು, ಪಟ್ಟೆಯುಳ್ಳದ್ದು, ಚುಕ್ಕೆರೆಕ್ಕೆಯದು ಎಂದು ತಮಗೆ ತೋಚಿದ ಹೆಸರುಗಳನ್ನು ತಾವೇ ಇಟ್ಟುಕೊಂಡರು. ಮೊದಲೆರಡು ಬಗೆಯವನ್ನು ರೋಗಿಗಳ ಮೇಲೆ ಬಿಟ್ಟು, ಅವು ರಕ್ತ ಹೀರಿದ ಬಳಿಕ ಒಂದೊಂದನ್ನೂ ಸೀಳಿ, ಬೆವರಿನಿಂದ ತುಕ್ಕು ಹಿಡಿದ ಸೂಕ್ಷ್ಮದರ್ಶಕದಲ್ಲಿ ಕಣ್ಣು ನೋಯುವವರೆಗೆ ನೋಡಿದರು. ಎರಡು ವರ್ಷಗಳ ದುಡಿಮೆ ನಿಷ್ಫಲವಾಯಿತು. ಏಕೆಂದರೆ ಆ ಬಗೆಯ ಸೊಳ್ಳೆಗಳು ಮನುಷ್ಯನ ಚಳಿಜ್ವರವನ್ನು ಒಯ್ಯುವ ಕುಲದವೇ ಅಲ್ಲ. ನಡುವೆ 1897ರಲ್ಲಿ ಉದಕಮಂಡಲದ ಕಡೆಗೆ ಹೋದಾಗ ಸಿಗೂರು ಘಾಟಿಯಲ್ಲಿ ಅವರಿಗೇ ಚಳಿಜ್ವರ ಹಿಡಿಯಿತು.

ಗುಣಮುಖರಾಗಿ ಸಿಕಂದರಾಬಾದಿಗೆ ಹಿಂತಿರುಗಿದ ಮೇಲೆ ಸೇವಕನೊಬ್ಬ ತಂದ ಮರಿಹುಳುಗಳಿಂದ ಕಂದುಬಣ್ಣದ, ಚುಕ್ಕೆರೆಕ್ಕೆಯ ಸೊಳ್ಳೆಗಳು ಹೊರಬಂದುವು. ಹುಸೇನ್ ಖಾನ್ ಎಂಬ ರೋಗಿಯು ಪ್ರತಿ ಸೊಳ್ಳೆಗೆ ಒಂದಾಣೆಯಂತೆ ಪಡೆದು ಅವುಗಳಿಂದ ಕಚ್ಚಿಸಿಕೊಳ್ಳಲು ಒಪ್ಪಿದನು. 1897ರ ಆಗಸ್ಟ್ 20ರಂದು ಅಂತಹ ಒಂದು ಸೊಳ್ಳೆಯ ಜಠರದ ಗೋಡೆಯಲ್ಲಿ, ಹಿಂದೆ ಎಂದೂ ಕಾಣದ ದುಂಡಗಿನ ಕೋಶಗಳು ರಾಸ್ ಅವರಿಗೆ ಗೋಚರವಾದುವು. ಅವುಗಳ ಒಳಗಿದ್ದ ಕಪ್ಪು ವರ್ಣಕಣಗಳು ರೋಗಿಯ ರಕ್ತದಲ್ಲಿನ ಪರೋಪಜೀವಿಯ ಕಣಗಳಂತೆಯೇ ಇದ್ದುವು. ಆಕಾರ ಬೇರೆ, ಆಶ್ರಯ ಬೇರೆ, ಆದರೆ ಜೀವಿ ಅದೇ! ಆ ಹುರುಳಿನ ಗುರುತೇ ಕುಲವನ್ನು ಹೇಳಿತು. ಆಗಸ್ಟ್ 20ನೆಯ ದಿನವು ಇಂದಿಗೂ ಲೋಕದಾದ್ಯಂತ ಸೊಳ್ಳೆಯ ದಿನವೆಂದು ಆಚರಿಸಲ್ಪಡುತ್ತದೆ.

ಆದರೆ ಅಷ್ಟರಲ್ಲಿಯೇ ಅವರನ್ನು ರಾಜಪುತಾನದ ಖೇರವಾಡಕ್ಕೆ ವರ್ಗಮಾಡಲಾಯಿತು; ಅಲ್ಲಿ ಚಳಿಜ್ವರ ಅಪರೂಪ. 1898ರಲ್ಲಿ ಕಲ್ಕತ್ತೆಗೆ ಬಂದಾಗ, ಪ್ಲೇಗಿನ ಭೀತಿಯಿಂದ ಜನರು ಪರೀಕ್ಷೆಗೆ ರಕ್ತ ಕೊಡಲು ಅಂಜುತ್ತಿದ್ದರು. ಆಗ ರಾಸ್ ಅವರು ಹಕ್ಕಿಗಳ ಚಳಿಜ್ವರವನ್ನು ಆರಿಸಿಕೊಂಡರು. ಅದರ ಜೀವಿಗೆ ಆ ಕಾಲದಲ್ಲಿ ಪ್ರೋಟಿಯೋಸೋಮ ಎಂಬ ಹೆಸರಿತ್ತು. ಪ್ರೋಟಿಯಸ್ ಎಂದರೆ ಗ್ರೀಕರ ಪುರಾಣದಲ್ಲಿ ನಮ್ಮ ಮಾರೀಚನಂತೆ ಬೇಕಾದ ರೂಪವನ್ನು ತಾಳಬಲ್ಲ ಕಾಮರೂಪಿ. ಜುಲೈ ತಿಂಗಳ ಮೊದಲ ವಾರದಲ್ಲಿ ಆ ಕಾಮರೂಪಿಯ ಕೊನೆಯ ರೂಪವೂ ಸಿಕ್ಕಿತು. ಜಠರದ ಕೋಶ ಒಡೆದು ಹೊರಬಂದ ಸೂಜಿಯಂತಹ ಸಣ್ಣ ಎಳೆಗಳು ಸೊಳ್ಳೆಯ ಲಾಲಾಗ್ರಂಥಿಗಳನ್ನು ಸೇರಿದ್ದುವು. ಸೊಳ್ಳೆ ಕಚ್ಚಿದಾಗ ಅವು ಹೊಸ ದೇಹವನ್ನು ಪ್ರವೇಶಿಸುತ್ತವೆಂಬುದನ್ನು ರಾಸ್ ಅವರು ಆರೋಗ್ಯವಂತ ಹಕ್ಕಿಗಳಿಗೆ ಕಚ್ಚಿಸಿ ಸ್ಥಿರಪಡಿಸಿದರು.

ಏಕಕೋಶಜೀವಿಗಳ ಕುಲನಿರ್ಣಯದಲ್ಲಿರುವ ಮುಖ್ಯವಾದ ಕಷ್ಟ ಇಲ್ಲಿಯೇ ಬಯಲಾಗುತ್ತದೆ. ಚಳಿಜ್ವರದ ಜೀವಿಯು ಕೆಂಪುಕಣದೊಳಗೆ ಮೊದಲು ಉಂಗುರ. ಬಳಿಕ ಅಮೀಬದಂತೆ ಕೈಕಾಲು ಚಾಚುವ ಮುದ್ದೆ. ಆಮೇಲೆ ಹಲವು ತುಂಡುಗಳಾಗಿ ಒಡೆಯುವ ಗೊಂಚಲು. ಒಡೆದ ಗಳಿಗೆಯಲ್ಲಿಯೇ ರೋಗಿಗೆ ನಡುಕ. ಮತ್ತೆ ಕೆಲವು ಬಿದಿಗೆಯ ಚಂದ್ರನಂತೆ ಬಾಗಿದ ರೂಪವನ್ನು ತಾಳುತ್ತವೆ. ಹೊರಗಾಳಿ ಸೋಕಿದರೆ ಚಾವಟಿಯನ್ನು ಬೀಸುತ್ತವೆ. ಆ ಚಾವಟಿಯು ಸಾಯುವ ಜೀವಿಯ ಒದ್ದಾಟವೆಂದು ಅನೇಕರು ಬಗೆದಿದ್ದರು. ಅದು ಗಂಡು ಬೀಜವೆಂಬುದನ್ನು 1897ರಲ್ಲಿ ಮೆಕ್ಯಾಲಂ ಎಂಬ ತರುಣ ವಿದ್ಯಾರ್ಥಿಯು ಹಕ್ಕಿಯ ರಕ್ತದಲ್ಲಿನ ಅಂತಹುದೇ ಜೀವಿಯಲ್ಲಿ ಕಂಡನು. ಈ ರೂಪಗಳನ್ನು ಬಿಡಿಬಿಡಿಯಾಗಿ ಕಂಡವನು ಐದಾರು ಜೀವಿಗಳೆಂದು ಎಣಿಸಿದರೆ ಆಶ್ಚರ್ಯವಿಲ್ಲ. ಮೊಟ್ಟೆ, ಕಂಬಳಿಹುಳು, ಗೂಡು, ರೇಷ್ಮೆಚಿಟ್ಟೆಗಳನ್ನು ಒಂದೇ ಜೀವಿಯೆಂದು ತಿಳಿಯಬೇಕಾದರೆ ಹುಳುವನ್ನು ಮೊದಲಿನಿಂದ ಕೊನೆಯವರೆಗೆ ಸಾಕಿ ನೋಡಿದ ರೈತನ ಅನುಭವ ಬೇಕು. ಜೀವಿಯ ಒಂದು ಗಳಿಗೆಯ ರೂಪವು ಅದರ ಲಕ್ಷಣವಲ್ಲ. ಅದರ ಬಾಳುವೆಯ ಪೂರ್ಣಚಕ್ರವೇ ಲಕ್ಷಣ. ಪಾಚಿಯೋ ಪ್ರಾಣಿಯೋ ಎಂದು ವಾದಿಸುತ್ತಿದ್ದ ಲೋಕಕ್ಕೆ ರಾಸ್ ಅವರು ಆ ಚಕ್ರದ ಕಾಣದ ಅರ್ಧವನ್ನು ತೋರಿಸಿಕೊಟ್ಟರು.

1899ರಲ್ಲಿ ರಾಸ್ ಅವರು ಭಾರತವನ್ನು ಬಿಟ್ಟು ಲಿವರ್‌ಪೂಲಿನ ಉಷ್ಣವಲಯ ವೈದ್ಯಶಾಲೆಯಲ್ಲಿ ಅಧ್ಯಾಪಕರಾದರು. 1902ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ದೊರೆಯಿತು. ಆದರೆ ಕೀರ್ತಿಯೊಡನೆ ಕಲಹವೂ ಬಂತು. ಇಟಲಿಯ ಪ್ರಾಣಿಶಾಸ್ತ್ರಜ್ಞ ಗ್ರಾಸ್ಸಿ ಅವರು 1898ರಲ್ಲಿ ಮನುಷ್ಯನ ಚಳಿಜ್ವರವನ್ನು ಹರಡುವುದು ಅನಾಫಿಲೀಸ್ ಕುಲದ ಸೊಳ್ಳೆಯೆಂದು ಶಾಸ್ತ್ರೀಯ ನಾಮದಿಂದ ನಿರ್ದೇಶಿಸಿದರು. ರಾಸ್ ಅವರ ಚುಕ್ಕೆರೆಕ್ಕೆಯ ಸೊಳ್ಳೆಯೂ ಅದೇ ಕುಲದ್ದು. ಕಂಡವರು ಮೊದಲಿಗರೋ ಹೆಸರಿಸಿದವರು ಮೊದಲಿಗರೋ ಎಂಬ ವಾದವು ಇಬ್ಬರನ್ನೂ ಬದುಕಿನ ಕೊನೆಯವರೆಗೆ ಕಹಿಯಾಗಿಸಿತು. ಸರಿಯಾದ ಹೆಸರಿಲ್ಲದ ಸತ್ಯವು ಬೇಗನೆ ಅನ್ಯರ ಸ್ವತ್ತಾಗಬಹುದೆಂಬ ನೀತಿಯೂ, ವಿದ್ಯೆಯು ವಿನಯವನ್ನು ಕೊಡದಿದ್ದರೆ ಮಹಾತ್ಮರಿಗೂ ಶಾಂತಿಯಿಲ್ಲವೆಂಬ ನೀತಿಯೂ ಇದರಲ್ಲಿ ಅಡಗಿವೆ.

ಇಂತಹ ಪಾಠವನ್ನು ಕಲಿತ ರಾಸ್ ಅವರಿಗೆ 1903ರಲ್ಲಿ ಮತ್ತೊಂದು ಏಕಕೋಶಜೀವಿಯ ಕುಲವನ್ನು ನಿರ್ಣಯಿಸುವ ಸಂದರ್ಭವೊದಗಿತು. ಕಾಲಾ ಆಜಾರ್ ಎಂಬ ಭೀಕರ ರೋಗದಿಂದ ಮಡಿದ ಸೈನಿಕನ ಗುಲ್ಮದಲ್ಲಿ ಲೀಷ್ಮನ್ ಎಂಬ ವೈದ್ಯರು ಅಂಡಾಕಾರದ ಕಣಗಳನ್ನು ಕಂಡು, ಅವು ಟ್ರಿಪನೋಸೋಮವೆಂಬ ಚಾವಟಿಜೀವಿಯ ಶಿಥಿಲರೂಪವೆಂದರು. ಮದರಾಸಿನ ಆಸ್ಪತ್ರೆಯಲ್ಲಿ ಡೊನೊವನ್ ಅವರೂ ಅದೇ ಕಣಗಳನ್ನು ಕಂಡರು. ಪ್ಯಾರಿಸ್ಸಿನಲ್ಲಿ ಲ್ಯಾವರಾನ್ ಮತ್ತು ಮೆಸ್ನಿಲ್ ಅವರು ಅವು ದನಕರುಗಳ ರಕ್ತದಲ್ಲಿ ವಾಸಿಸುವ ಪೈರೋಪ್ಲಾಸ್ಮದ ಜಾತಿಗೆ ಸೇರಿದುವೆಂದು ತೀರ್ಪಿತ್ತರು. ರಾಸ್ ಅವರು ಇವೆರಡನ್ನೂ ಒಪ್ಪದೆ, ಇದು ಹಿಂದೆ ಕಾಣದ ಹೊಸ ಕುಲವೆಂದು ಸಾರಿ, ಇಬ್ಬರು ಶೋಧಕರಿಗೂ ಗೌರವ ಸಲ್ಲುವಂತೆ ಲೀಷ್ಮೇನಿಯ ಡೊನೊವನಿ ಎಂದು ನಾಮಕರಣ ಮಾಡಿದರು. ಆ ಹೆಸರೇ ಸ್ಥಿರವಾಯಿತು. 1904ರಲ್ಲಿ ರೋಜರ್ಸ್ ಅವರು ಕಲ್ಕತ್ತೆಯಲ್ಲಿ ಅದನ್ನು ದೇಹದ ಹೊರಗೆ ಬೆಳೆಸಿದಾಗ ಅದು ಚಾವಟಿಯನ್ನು ತಾಳಿತು. ಎಂದರೆ ಕುಲ ಹೊಸದಾದರೂ ಟ್ರಿಪನೋಸೋಮದೊಡನೆ ನೆಂಟಸ್ತಿಕೆ ಉಂಟೆಂದಾಯಿತು. ಲೀಷ್ಮನ್ನರ ಊಹೆಯೂ ಪೂರ್ತಿ ಸುಳ್ಳಾಗಲಿಲ್ಲ.

ಮುಂದೆ ರಾಸ್ ಅವರು ಆಫ್ರಿಕ ಮೊದಲಾದ ದೇಶಗಳಲ್ಲಿ ಸೊಳ್ಳೆಯ ನಿವಾರಣೆಗಾಗಿ ಶ್ರಮಿಸಿದರು. ರೋಗ ಹರಡುವ ಬಗೆಯನ್ನು ಗಣಿತದ ಸೂತ್ರಗಳಲ್ಲಿ ಹಿಡಿದರು. 1911ರಲ್ಲಿ ಸರ್ ಪದವಿಯನ್ನು ಪಡೆದರು. 1926ರಲ್ಲಿ ಅವರ ಹೆಸರಿನಲ್ಲಿಯೇ ಲಂಡನ್ನಿನಲ್ಲಿ ಒಂದು ಸಂಶೋಧನಾಲಯ ತೆರೆಯಿತು. 1932ರ ಸೆಪ್ಟೆಂಬರ್ 16ರಂದು ತಮ್ಮ 75ನೆಯ ವಯಸ್ಸಿನಲ್ಲಿ ಅವರು ಇಹಲೋಕವನ್ನು ತ್ಯಜಿಸಿದರು.

ಅವರ ಕಾಲಾನಂತರವೂ ಆ ಕಾಮರೂಪಿಯ ಕಥೆ ಮುಗಿಯಲಿಲ್ಲ. ಸೊಳ್ಳೆ ಕಚ್ಚಿದ ಮೇಲೆ ಜೀವಿಯು ರಕ್ತದಲ್ಲಿ ಕಾಣಿಸಿಕೊಳ್ಳುವ ಮುನ್ನ ಯಕೃತ್ತಿನಲ್ಲಿ ಅಡಗಿ ಬೆಳೆಯುತ್ತದೆಂಬುದು 1948ರಲ್ಲಿ ತಿಳಿದುಬಂತು. ತೃತೀಯಕಜ್ವರವನ್ನು ತರುವ ವೈವ್ಯಾಕ್ಸ್ ಎಂಬ ಪ್ರಭೇದವು ಅಲ್ಲಿ ತಿಂಗಳುಗಟ್ಟಲೆ ಮಲಗಿದ್ದು ಮತ್ತೆ ಏಳಬಲ್ಲುದು. ಫಾಲ್ಸಿಪೇರಂ ಎಂಬುದು ಹಾಗೆ ಮಲಗದು, ಆದರೆ ಕೆಲವೇ ದಿನಗಳಲ್ಲಿ ಮೆದುಳನ್ನು ಮುಟ್ಟಿ ಪ್ರಾಣವನ್ನು ತೆಗೆಯಬಲ್ಲುದು. ಆದುದರಿಂದ ಪ್ರಭೇದವನ್ನು ತಿಳಿಯದೆ ಚಿಕಿತ್ಸೆಯನ್ನು ನಿಶ್ಚಯಿಸಲಾಗದು. ಕಣ್ಣಿನ ಸಾಕ್ಷ್ಯವೊಂದನ್ನೇ ನಂಬಲೂ ಆಗದು. 2004ರಲ್ಲಿ ಮಲೇಷ್ಯದ ಸರವಾಕ್ ಪ್ರಾಂತದಲ್ಲಿ, ಚತುರ್ಥಕಜ್ವರದ ಜೀವಿಯೆಂದು ಸೂಕ್ಷ್ಮದರ್ಶಕದಲ್ಲಿ ಗುರುತಿಸಿದ್ದ ಅನೇಕ ಪ್ರಸಂಗಗಳು ವಾಸ್ತವವಾಗಿ ಕೋತಿಗಳಲ್ಲಿ ವಾಸಿಸುವ ನೋಲೆಸಿ ಎಂಬ ಪ್ರಭೇದದವೆಂದು ಅದರ ವಂಶದ್ರವ್ಯದ ಪರೀಕ್ಷೆಯಿಂದ ಸಿದ್ಧವಾಯಿತು.

ಜೀವರಾಜ್ಯಗಳ ಗಡಿಯೂ ಬದಲಾಯಿತು. 1969ರಲ್ಲಿ ವಿಟ್ಟೇಕರ್ ಅವರು ಐದು ರಾಜ್ಯಗಳನ್ನು ಹೇಳಿ, ಹೆಕೆಲರ ಪ್ರೋಟಿಸ್ಟಕ್ಕೆ ಒಂದು ಸ್ಥಾನವನ್ನು ಕಲ್ಪಿಸಿದರು. 1977ರಲ್ಲಿ ವೋಸ್ ಮತ್ತು ಫಾಕ್ಸ್ ಅವರು, ಬ್ಯಾಕ್ಟೀರಿಯಗಳೆಂದೇ ಎಣಿಸಿದ್ದ ಕೆಲವು ಜೀವಿಗಳು ಮೂಲದಲ್ಲಿಯೇ ಬೇರೊಂದು ವಂಶವೆಂದು ತೋರಿಸಿದರು. ಇವೆಲ್ಲಕ್ಕಿಂತ ಮಿಗಿಲಾದ ಅಚ್ಚರಿಯೆಂದರೆ, ಚಳಿಜ್ವರದ ಜೀವಿಯ ಒಡಲಲ್ಲಿ ಪಾಚಿಯೊಂದರಿಂದ ಬಂದ ಹರಿತ್ಕಣದ ಅವಶೇಷವಿದೆಯೆಂದು 1990ರ ದಶಕದಲ್ಲಿ ಗೊತ್ತಾದುದು. ಅದರಲ್ಲಿ ಹಸಿರೂ ಇಲ್ಲ, ಬಿಸಿಲಿನ ಹಂಗೂ ಇಲ್ಲ. ಆದರೂ ಅದಿಲ್ಲದೆ ಜೀವಿಗೆ ಬದುಕಿಲ್ಲ. ಲ್ಯಾವರಾನರು ಇಟ್ಟ ಪಾಚಿಯ ಹೆಸರು ತಪ್ಪೆಂದು ತಳ್ಳಲ್ಪಟ್ಟು ನೂರು ವರ್ಷಗಳಾದ ಮೇಲೆ, ಅವರೆಣಿಸಿದ ಪಾಚಿ ಅಲ್ಲದಿದ್ದರೂ, ಪಾಚಿಯೊಂದರ ನೆರಳು ಹೀಗೆ ಒಳಗಿನಿಂದಲೇ ಇಣುಕಿತು. ಇಂದಿನ ಪಂಡಿತರು ಇದನ್ನು ಸಸ್ಯವೆಂದೂ ಹೇಳರು, ಪ್ರಾಣಿಯೆಂದೂ ಹೇಳರು; ಬೇರೊಂದು ದೊಡ್ಡ ಶಾಖೆಯಲ್ಲಿ ಇದಕ್ಕೆ ಎಡೆಯನ್ನು ಕೊಟ್ಟಿದ್ದಾರೆ.

ನಾಗರಕೆರೆಯ ನೀರಿನ ಒಂದು ಹನಿಯನ್ನು ಶಾಲೆಯ ಸೂಕ್ಷ್ಮದರ್ಶಕದಡಿ ಇಟ್ಟು ನೋಡುವ ವಿದ್ಯಾರ್ಥಿಗೂ, ಲ್ಯೂವೆನ್‌ಹುಕನಿಂದ ರಾಸ್ ಅವರವರೆಗೆ ಎಲ್ಲರನ್ನೂ ಕಾಡಿದ ಪ್ರಶ್ನೆಯೇ ಎದುರಾಗುತ್ತದೆ: ಇದು ಯಾವುದು, ಯಾರ ಬಂಧು? ಉತ್ತರ ಹೇಳುವ ಅವಸರ ಬೇಡ. ಅದು ಏನನ್ನು ಉಣ್ಣುತ್ತದೆ, ಹೇಗೆ ಚಲಿಸುತ್ತದೆ, ಹೇಗೆ ಇಬ್ಭಾಗವಾಗುತ್ತದೆ, ನಾಳೆ ಯಾವ ರೂಪವನ್ನು ತಾಳುತ್ತದೆ ಎಂಬುದನ್ನು ತಾಳ್ಮೆಯಿಂದ ನೋಡಬೇಕು. ಹಿಂದಿನವರು ಇಟ್ಟ ಹೆಸರನ್ನು ಗೌರವಿಸಬೇಕು, ಹೊಸ ಪ್ರಮಾಣ ದೊರೆತಾಗ ಅದನ್ನು ತಿದ್ದಲೂ ಸಿದ್ಧವಾಗಿರಬೇಕು. ಬೆಂಗಳೂರಿನ ಬಂಗಲೆಯೊಂದರ ಪೀಪಾಯಿಯ ನೀರಿನಿಂದ ತೊಡಗಿ ಲೋಕಕ್ಕೆ ಬೆಳಕನ್ನಿತ್ತ ಸರ್ ರೊನಾಲ್ಡ್ ರಾಸ್ ಅವರ ಬಾಳಿನಿಂದ ಎಳೆಯರು ಕಲಿಯಬೇಕಾದ ಪಾಠ ಇದೇ.